ಕಫವನ್ನು ಪರೀಕ್ಷೆಗೆ ಕೊಡುವುದೇಕೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಗೆಳೆಯರೊಬ್ಬರು ಜೇಬಿನಿಂದ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅವರು ಕುಂದಾಪುರದ ಕಡೆಯವರು. ಇಲ್ಲಿ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಕೆಲಸ. ಒಂದು ತಿಂಗಳಿಂದ ಕೆಮ್ಮು. ಮೊದಲು ಔಷಧಿ ಅಂಗಡಿಯವನಿಂದ ಐದು ಮಾತ್ರೆಗಳ ಒಂದು ಪಟ್ಟಿ ಕೊಂಡು ನುಂಗಿದರು, ಸ್ವಲ್ಪ ತಗ್ಗಿತು. ಮತ್ತೆ ಕೆಮ್ಮು ಬಂತು. ಇನ್ನೊಂದು ಪಟ್ಟಿ ಕೊಂಡರು. ಕೊನೆಗೆ ಸರ್ಕಾರಿ ದವಾಖಾನೆಗೆ ಹೋದಾಗ ವೈದ್ಯರು ಮಾತ್ರೆ ಬರೆದುಕೊಡುವ ಬದಲು ಈ ಡಬ್ಬಿಯನ್ನು ಕೈಗಿತ್ತು, ನಾಳೆ ಬೆಳಿಗ್ಗೆ ಕಫ ತನ್ನಿ ಎಂದರಂತೆ.

“ಇದೆಂಥದು ಮಾರಾಯರೇ! ಕೆಮ್ಮಿಗೆ ಮದ್ದು ಕೇಳಿದರೆ ಕಫ ಕೇಳುತ್ತಾರೆ. ಇದನ್ನು ಕೊಟ್ಟೆನೆಂದರೆ ನನಗೆ ಕ್ಷಯವೆಂದು ಬರೆದೇ ಬಿಡುತ್ತಾರೆ. ಆಮೇಲೆ ಹೋಟೆಲಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಖೋಲಿಯಲ್ಲಿ ಯಾರು ಜೊತೆಗೆ ಮಲಗುತ್ತಾರೆ?” ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಊರು ಬಿಟ್ಟು ಬಂದು, ಒಂದು ಖೋಲಿಯಲ್ಲಿ ಆರೆಂಟು ಜನ ಮಲಗಿ, ದಿನದ ಸಂಬಳ ತಪ್ಪಿದರೆ ಊರಿಗೆ ಕಳುಹಿಸುವ ಹಣಕ್ಕೆ ಕತ್ತರಿ ಬೀಳುವ ನಮ್ಮವರೆಲ್ಲರ ಪ್ರಶ್ನೆ ಇದು. ಆದುದರಿಂದ ಆ ಡಬ್ಬಿಯೊಳಗಿನ ಕಫ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದನ್ನು ಏನು ಮಾಡುತ್ತಾರೆ, ಅದರಿಂದ ನಮಗೇನು ಲಾಭ ಎಂಬುದನ್ನು ಇಲ್ಲಿ ಆದಷ್ಟು ಸರಳವಾಗಿ ವಿವರಿಸಲು ಯತ್ನಿಸುತ್ತೇನೆ.

ಕೆಮ್ಮು ಒಂದೇ, ಕಾರಣ ಹಲವು

ಕೆಮ್ಮು ಒಂದು ರೋಗವಲ್ಲ, ರೋಗದ ಕುರುಹು. ಅದಕ್ಕೆ ಕಾರಣವಾಗುವ ಸೋಂಕುಗಳನ್ನು ನಮ್ಮ ತಿಳುವಳಿಕೆಗೆಂದು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ನೆಗಡಿ, ಶೀತಜ್ವರಗಳ ಕೆಮ್ಮು. ಇದು ವೈರಸ್ಸುಗಳಿಂದ ಬರುತ್ತದೆ. ಆಂಟಿಬಯಾಟಿಕ್ ಎಂದು ನಾವು ಕರೆಯುವ ಮಾತ್ರೆಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲತಕ್ಕವು; ವೈರಸ್ಸಿನ ಗೊಡವೆಗೆ ಅವು ಹೋಗುವುದೇ ಇಲ್ಲ. ನೆಗಡಿಗೆ ಅವನ್ನು ನುಂಗಿ ವಾರದೊಳಗೆ ಗುಣವಾಯಿತೆಂದು ಹೇಳುವವರು ನುಂಗದೆ ಇದ್ದಿದ್ದರೂ ವಾರದೊಳಗೆ ಗುಣವಾಗುತ್ತಿದ್ದರು.

ಎರಡನೆಯದು ನ್ಯುಮೋನಿಯಾದಂಥ ಸೋಂಕು. ಇದು ವೈರಸ್ಸಿನಿಂದಲೂ ಬರುವುದುಂಟು. ಆದರೆ ನ್ಯುಮೋಕಾಕಸ್, ಕ್ಲೆಬ್ಸಿಯೆಲ್ಲಾ ಮೊದಲಾದ ಬ್ಯಾಕ್ಟೀರಿಯಾಗಳು ಶ್ವಾಸಕೋಶದಲ್ಲಿ ಬೀಡುಬಿಟ್ಟಾಗ ಜೋರಾದ ಜ್ವರ, ಚಳಿ, ಎದೆನೋವು, ಏದುಸಿರು ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ತಕ್ಕ ಆಂಟಿಬಯಾಟಿಕ್ ಜೀವ ಉಳಿಸುತ್ತದೆ.

ಮೂರನೆಯದು ಕ್ಷಯ. ಇದೂ ಬ್ಯಾಕ್ಟೀರಿಯಾದಿಂದಲೇ ಬರುವ ರೋಗ. ಆದರೆ ಬರುವ ರೀತಿ ಕಳ್ಳನ ರೀತಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದೆ ತೂಕ ಇಳಿಯುವುದು, ಕೆಲವೊಮ್ಮೆ ಕಫದಲ್ಲಿ ರಕ್ತ, ಇವು ಅದರ ಗುರುತುಗಳು.

ಈ ಮೂರನ್ನೂ ಕೆಮ್ಮಿನ ಸದ್ದು ಕೇಳಿ ಬೇರ್ಪಡಿಸುವುದು ಅನುಭವಸ್ಥ ವೈದ್ಯರಿಗೂ ಕಷ್ಟ. ಎದೆಯ ಕ್ಷ-ಕಿರಣ ಚಿತ್ರ ಶ್ವಾಸಕೋಶದಲ್ಲಿ ಕಲೆಯಿದೆ ಎಂದು ತೋರಿಸುತ್ತದೆ. ಆ ಕಲೆಯನ್ನು ಮಾಡಿದವರು ಯಾರು ಎಂದು ಖಚಿತವಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಅಪರಾಧಿಯನ್ನೇ ಹಿಡಿದು ತರಬೇಕು. ಅವನು ಸಿಗುವುದು ಕಫದಲ್ಲಿ.

ಪ್ರಯೋಗಶಾಲೆಯಲ್ಲಿ ನಡೆಯುವುದೇನು?

ನ್ಯುಮೋನಿಯಾದ ಸಂಶಯವಿರುವ ಕಫವನ್ನು ಮೊದಲು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಂದದ್ದು ಎದೆಯ ಕಫವೋ ಬರಿಯ ಬಾಯಿಯ ಉಗುಳೋ ಎಂಬುದು ಆಗಲೇ ಗೊತ್ತಾಗಿಬಿಡುತ್ತದೆ. ಉಗುಳಾದರೆ ಬಾಯಿಯ ಒಳಚರ್ಮದ ಕಣಗಳೇ ತುಂಬಿರುತ್ತವೆ. ಅಂಥದ್ದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ.

ಅನಂತರ ಕಫದ ಕಣವನ್ನು ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರ ತುಂಬಿದ ತಟ್ಟೆಯ ಮೇಲೆ ಬಿತ್ತುತ್ತಾರೆ. ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಅದನ್ನು ಒಂದೆರಡು ದಿನ ಇಟ್ಟರೆ, ಕಣ್ಣಿಗೆ ಕಾಣದಿದ್ದ ಒಂದೊಂದು ರೋಗಾಣುವೂ ಕೋಟಿಗಟ್ಟಲೆಯಾಗಿ ಬೆಳೆದು ಸಾಸಿವೆ ಕಾಳಿನಂಥ ಚುಕ್ಕೆಯಾಗಿ ಕಾಣುತ್ತದೆ. ಅದರ ಜಾತಿಯನ್ನು ಗುರುತಿಸಿದ ಮೇಲೆ ಮುಖ್ಯವಾದ ಪ್ರಶ್ನೆ ಬರುತ್ತದೆ: ಇದು ಯಾವ ಮದ್ದಿಗೆ ಬಗ್ಗುತ್ತದೆ?

ಅದನ್ನು ತಿಳಿಯುವ ಉಪಾಯ ಬಹು ಸೊಗಸಾದುದು. ಆ ರೋಗಾಣುವನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಅದರ ಮೇಲೆ ಬೇರೆ ಬೇರೆ ಆಂಟಿಬಯಾಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದ ಬಯಲು ಇರುತ್ತದೆ. ಆ ಮದ್ದು ಕೆಲಸ ಮಾಡಿತೆಂದು ಅರ್ಥ. ಕೆಲವು ಬಿಲ್ಲೆಗಳ ಅಂಚಿನವರೆಗೂ ರೋಗಾಣು ನಿರ್ಭಯವಾಗಿ ಬೆಳೆದಿರುತ್ತದೆ. ಆ ಮದ್ದನ್ನು ಎಷ್ಟು ನುಂಗಿದರೂ ವ್ಯರ್ಥವೆಂದು ಅರ್ಥ. ಬಯಲಿನ ಅಗಲವನ್ನು ಅಳೆದು ವರದಿ ಬರೆಯುತ್ತಾರೆ. 1966ರಲ್ಲಿ ಅಮೆರಿಕದಲ್ಲಿ ಬಾವರ್, ಕರ್ಬಿ ಮತ್ತು ಅವರ ಸಂಗಡಿಗರು ಒಂದು ಕ್ರಮಕ್ಕೆ ತಂದ ಈ ವಿಧಾನವನ್ನು ಇಂದಿಗೂ ನಮ್ಮ ದೇಶದ ಪ್ರಯೋಗಶಾಲೆಗಳು ಬಳಸುತ್ತಿವೆ.

ಎಲ್ಲ ಕೆಮ್ಮಿಗೂ ಇಷ್ಟು ಮಾಡಬೇಕಾಗಿಲ್ಲ. ಸಾಧಾರಣ ಸೋಂಕಾದರೆ ವೈದ್ಯರು ಅನುಭವದ ಮೇಲೆಯೇ ಮದ್ದು ಕೊಡುತ್ತಾರೆ. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಜೋರಾದಾಗ, ಇಲ್ಲವೆ ಕೊಟ್ಟ ಮದ್ದು ನಾಟದಿದ್ದಾಗ ಈ ಪರೀಕ್ಷೆ ದಾರಿ ತೋರುತ್ತದೆ.

ಕ್ಷಯದ ರೋಗಾಣುವಿನ ಪರೀಕ್ಷೆ

ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಕಂಡುಹಿಡಿದು, 1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಆ ದಿನವನ್ನೇ ಈಗ ಲೋಕವೆಲ್ಲ ಕ್ಷಯರೋಗ ದಿನವಾಗಿ ಆಚರಿಸುತ್ತದೆ. ಈ ರೋಗಾಣುವಿನ ಮೈಮೇಲೆ ಮೇಣದಂಥ ಹೊದಿಕೆಯಿದೆ. ಕೆಂಪು ಬಣ್ಣವನ್ನು ಬಿಸಿಮಾಡಿ ಹಾಕಿದರೆ ಆ ಹೊದಿಕೆ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಉಳಿದುದೆಲ್ಲ ಬಣ್ಣ ಬಿಟ್ಟು ಬಿಳಿಚಿಕೊಂಡಾಗ ನೀಲಿ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು!

ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಅಲ್ಲದೆ ಕಂಡ ಕೆಂಪು ಕಡ್ಡಿ ಮದ್ದಿಗೆ ಬಗ್ಗುವುದೋ ಬಗ್ಗದೋ ಎಂಬುದು ನೋಟದಿಂದ ತಿಳಿಯದು.

ಬೆಳೆಸಿ ನೋಡಿದರೆ ಮಿಲಿಲೀಟರಿಗೆ ಹತ್ತರಿಂದ ನೂರು ರೋಗಾಣುಗಳಿದ್ದರೂ ಸಿಗುತ್ತವೆ. ಆದರೆ ತಾಳ್ಮೆ ಬೇಕು. ಇತರ ಹಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಒಂದು ಎರಡಾದರೆ, ಕ್ಷಯದ ರೋಗಾಣುವಿಗೆ ಸುಮಾರು ಒಂದು ದಿನವೇ ಬೇಕು. ಮೊಟ್ಟೆ ಬೆರೆಸಿದ ಹಸಿರು ಬಣ್ಣದ ಆಹಾರದ ಮೇಲೆ ಬಿತ್ತಿದರೆ ಎಂಟು ವಾರಗಳವರೆಗೂ ಕಾಯಬೇಕಾಗುತ್ತದೆ; ದ್ರವದ ಆಹಾರದಲ್ಲಿ ಬೇಗ ಬೆಳೆಯುತ್ತದೆಯಾದರೂ ವಾರಗಳ ಲೆಕ್ಕವೇ. ಅಷ್ಟರೊಳಗೆ ರೋಗಿ ಎಲ್ಲಿರುತ್ತಾನೋ! ವಿಳಾಸ ಬದಲಿಸುವ ಕೂಲಿಕಾರನ ವಿಷಯದಲ್ಲಂತೂ ಇದು ದೊಡ್ಡ ತೊಡಕಾಗಿತ್ತು.

ಈ ತೊಡಕನ್ನು ನಿವಾರಿಸಿದ್ದು ಹೊಸ ಯಂತ್ರ. ರೋಗಾಣುವಿನ ವಂಶಲಿಪಿಯಾದ ಡಿಎನ್‌ಎಯ ಒಂದು ತುಣುಕನ್ನು ಇದು ಲಕ್ಷಾಂತರ ಪ್ರತಿಗಳಾಗಿ ಮಾಡಿ ಓದುತ್ತದೆ. ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ 2010ರಲ್ಲಿ ದೊರೆಯಿತು. ಗೋವೆಯಲ್ಲಿ ತಯಾರಾಗುವ ನಮ್ಮ ದೇಶದ್ದೇ ಆದ ಟ್ರೂನ್ಯಾಟ್ ಎಂಬುದಕ್ಕೆ 2020ರಲ್ಲಿ ಆ ಮನ್ನಣೆ ಸಿಕ್ಕಿತು. ಜೀನ್‌ಎಕ್ಸ್‌ಪರ್ಟ್ ಸುಮಾರು ಎರಡು ಗಂಟೆಗಳಲ್ಲಿ ಎರಡು ಉತ್ತರ ಕೊಡುತ್ತದೆ: ಕ್ಷಯವಿದೆಯೋ ಇಲ್ಲವೋ; ಇದ್ದರೆ ರಿಫಾಂಪಿಸಿನ್ ಎಂಬ ಮುಖ್ಯ ಮದ್ದಿಗೆ ಬಗ್ಗುವುದೋ ಇಲ್ಲವೋ. ಒಂದು ಮಾತು ನೆನಪಿರಲಿ. ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಈ ಯಂತ್ರ ಹಿಡಿಯುತ್ತದೆ. ಆದ್ದರಿಂದ ಚಿಕಿತ್ಸೆ ನಡೆಯುತ್ತಿರುವಾಗ ಗುಣವಾಗುತ್ತಿದೆಯೇ ಎಂದು ನೋಡಲು ಸೂಕ್ಷ್ಮದರ್ಶಕವೂ ಬೆಳೆಸಿ ನೋಡುವುದೂ ಇಂದಿಗೂ ಬೇಕು.

ಮದ್ದಿಗೆ ಬಗ್ಗದ ರೋಗಾಣು ಹುಟ್ಟುವುದು ಹೇಗೆ?

ಮದ್ದು ತಿಂದು ತಿಂದು ನಮ್ಮ ಮೈ ಅದಕ್ಕೆ ಒಗ್ಗಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಬದಲಾಗುವುದು ನಮ್ಮ ಮೈಯಲ್ಲ, ರೋಗಾಣುವಿನ ಹಿಂಡು.

ಕ್ಷಯದಿಂದ ಶ್ವಾಸಕೋಶದಲ್ಲಿ ಬೀಳುವ ಒಂದು ಕುಳಿಯಲ್ಲಿ ಸುಮಾರು ಹತ್ತು ಕೋಟಿ ರೋಗಾಣುಗಳಿರಬಹುದು. ಅಷ್ಟು ದೊಡ್ಡ ಹಿಂಡಿನಲ್ಲಿ, ನಾವು ಮದ್ದು ಮುಟ್ಟುವುದಕ್ಕೆ ಮೊದಲೇ, ಐಸೋನಿಯಾಜಿಡ್ ಎಂಬ ಮದ್ದಿಗೆ ಬಗ್ಗದವು ಸುಮಾರು ಹತ್ತು ಲಕ್ಷಕ್ಕೊಂದರಂತೆ ತಾವಾಗಿಯೇ ಹುಟ್ಟಿರುತ್ತವೆ. ಅಂದರೆ ನೂರರಷ್ಟು. ಆ ಒಂದೇ ಮದ್ದನ್ನು ಕೊಟ್ಟರೆ ಉಳಿದವೆಲ್ಲ ಸಾಯುತ್ತವೆ, ರೋಗಿಗೆ ಹಾಯೆನಿಸುತ್ತದೆ. ಆದರೆ ಆ ನೂರು ಉಳಿದು, ಖಾಲಿಯಾದ ಮನೆಯಲ್ಲಿ ಸಂಸಾರ ಹೂಡಿ, ಕೆಲವು ತಿಂಗಳಲ್ಲಿ ಮತ್ತೆ ಕೋಟಿಯಾಗುತ್ತವೆ. ಈ ಸಲ ಎಲ್ಲವೂ ಆ ಮದ್ದಿಗೆ ಬಗ್ಗದವೇ.

ಇದು ಕಲ್ಪನೆಯ ಮಾತಲ್ಲ. ಸ್ಟ್ರೆಪ್ಟೊಮೈಸಿನ್ ಹೊಸದಾಗಿ ಬಂದಾಗ ಬ್ರಿಟನ್ನಿನಲ್ಲಿ 107 ಜನ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 1948ರಲ್ಲಿ ಪ್ರಕಟವಾಯಿತು. 55 ಜನರಿಗೆ ಆ ಮದ್ದು. 52 ಜನರಿಗೆ ಬರಿಯ ವಿಶ್ರಾಂತಿ. ಆರು ತಿಂಗಳಾದಾಗ ಮದ್ದು ಪಡೆದವರಲ್ಲಿ ಸತ್ತವರು 4 ಜನ, ಪಡೆಯದವರಲ್ಲಿ 14. ಜನ ಹಿಗ್ಗಿದರು. ಆದರೆ ಐದು ವರ್ಷಗಳ ಮೇಲೆ ಲೆಕ್ಕ ನೋಡಿದಾಗ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಜನ ತೀರಿಹೋಗಿದ್ದರು. ಒಂಟಿ ಮದ್ದು ತಂದ ಗೆಲುವನ್ನು ಅದಕ್ಕೆ ಬಗ್ಗದ ರೋಗಾಣುಗಳು ಬಹುಮಟ್ಟಿಗೆ ಕಸಿದುಕೊಂಡಿದ್ದವು.

ಅಲ್ಲಿಂದ ಕಲಿತ ಪಾಠವೇ ಇಂದಿನ ಕೂಡುಮದ್ದು. ಒಂದಕ್ಕೆ ಬಗ್ಗದ ರೋಗಾಣು ಹತ್ತು ಲಕ್ಷಕ್ಕೊಂದು ಇರಬಹುದು. ಏಕಕಾಲಕ್ಕೆ ಎರಡು ಮೂರು ಮದ್ದುಗಳಿಗೆ ಬಗ್ಗದ್ದು ಹತ್ತು ಕೋಟಿಯಲ್ಲಿ ಸಿಗುವುದು ಅತಿ ವಿರಳ. ಆದ್ದರಿಂದ ಸಾಧಾರಣ ಕ್ಷಯಕ್ಕೆ ನಮ್ಮ ದೇಶದಲ್ಲಿ ಮೊದಲ ಎರಡು ತಿಂಗಳು ನಾಲ್ಕು ಮದ್ದು, ಮುಂದಿನ ನಾಲ್ಕು ತಿಂಗಳು ಮೂರು ಮದ್ದು ಕೊಡುತ್ತಾರೆ. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ಮೈತುಂಬಿಕೊಂಡಿತೆಂದು ಬಿಟ್ಟುಬಿಡುವುದೆಂದರೆ ಹಾವನ್ನು ಅರ್ಧ ಹೊಡೆದು ಹುತ್ತಕ್ಕೆ ಬಿಟ್ಟಂತೆ.

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ ಬಂದರೆ ಹಿಂದೆ ಒಂದೂವರೆ ಎರಡು ವರ್ಷ ಕಷ್ಟದ ಚಿಕಿತ್ಸೆ ಬೇಕಾಗುತ್ತಿತ್ತು. ಚುಚ್ಚುಮದ್ದಿನಿಂದ ಕೆಲವರ ಕಿವಿಯೇ ಕೇಳಿಸದಾಗುತ್ತಿತ್ತು. 2024ರಲ್ಲಿ ಭಾರತ ಸರ್ಕಾರ ಆರು ತಿಂಗಳಲ್ಲಿ ಮುಗಿಯುವ ಹೊಸ ಮಾತ್ರೆಗಳ ಕ್ರಮಕ್ಕೆ ಒಪ್ಪಿಗೆ ಕೊಟ್ಟಿದೆ. ಇದು ಸಂತೋಷದ ವಿಷಯ. ಆದರೆ ಆ ಹೊಸ ಮದ್ದುಗಳನ್ನೂ ಅರೆಬರೆ ನುಂಗಿ ಕೆಡಿಸಿಕೊಂಡರೆ ಮುಂದೇನು? ಆಗಿದ್ದ ಮದ್ದುಗಳಲ್ಲಿ ಪರೀಕ್ಷಿಸಿದ ಯಾವುದಕ್ಕೂ ಬಗ್ಗದ ಕ್ಷಯದ ನಾಲ್ವರು ರೋಗಿಗಳನ್ನು ಕುರಿತು ಮುಂಬಯಿಯ ವೈದ್ಯರೇ 2011ರ ಕೊನೆಯಲ್ಲಿ ಬರೆದಿದ್ದರು. ಹಿಂದೆ ಅಲ್ಲಿ ಇಲ್ಲಿ ಕ್ರಮವಿಲ್ಲದೆ ಪಡೆದ ಮದ್ದೂ ಅದಕ್ಕೆ ಒಂದು ಕಾರಣವೆಂದು ಅವರು ತೋರಿಸಿದರು.

ಅಂಗಡಿಯ ಮಾತ್ರೆಯ ಅಪಾಯ

ಇಲ್ಲಿ ನಮ್ಮ ಗೆಳೆಯರ ಐದು ಮಾತ್ರೆಗಳ ಪಟ್ಟಿಗೆ ಮರಳಿ ಬರೋಣ. ಲೆವೊಫ್ಲಾಕ್ಸಾಸಿನ್ ಮೊದಲಾದ ಕೆಲವು ಆಂಟಿಬಯಾಟಿಕ್‌ಗಳು ಕ್ಷಯದ ರೋಗಾಣುವನ್ನೂ ಸ್ವಲ್ಪಮಟ್ಟಿಗೆ ಹೊಡೆಯುತ್ತವೆ. ಕೆಮ್ಮಿಗೆಂದು ಐದು ದಿನ ಅದನ್ನು ನುಂಗಿದರೆ ರೋಗ ತಾತ್ಕಾಲಿಕವಾಗಿ ಅಡಗುತ್ತದೆ. ಕಫದಲ್ಲಿ ರೋಗಾಣು ಕಡಿಮೆಯಾಗಿ ಪರೀಕ್ಷೆಯ ಕಣ್ಣು ತಪ್ಪಿಸಬಹುದು. ರೋಗ ಪತ್ತೆಯಾಗುವುದು ವಾರಗಳಷ್ಟು ತಡವಾಗಬಹುದು. ಬಗ್ಗದ ಕ್ಷಯಕ್ಕೆಂದು ಕಾಯ್ದಿಟ್ಟ ಒಳ್ಳೆಯ ಆಯುಧವೂ ಮೊಂಡಾಗುವ ಭಯವಿದೆ. ಈ ಕಾರಣಕ್ಕೇ 2014ರ ಮಾರ್ಚ್ ತಿಂಗಳಿಂದ ಕ್ಷಯದ ಮದ್ದುಗಳನ್ನೂ ಇಂಥ ಕೆಲವು ಆಂಟಿಬಯಾಟಿಕ್‌ಗಳನ್ನೂ ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದಾಗ ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಸರ್ಕಾರ ಕಟ್ಟುಪಾಡು ಮಾಡಿದೆ. ಅಂಗಡಿಯವನು ಚೀಟಿ ಕೇಳಿದರೆ ಅವನ ಮೇಲೆ ರೇಗಬೇಡಿ. ಅವನು ನಿಮ್ಮ ಹಿತವನ್ನೇ ನೋಡುತ್ತಿದ್ದಾನೆ.

ತುಮಕೂರಿನ ಹಳ್ಳಿಗಳು ಕಲಿಸಿದ್ದು

ಕಫಪರೀಕ್ಷೆಗೆ ಇಷ್ಟು ಪ್ರಾಶಸ್ತ್ಯ ಬಂದುದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದೆಂಬುದು ಹಲವರಿಗೆ ತಿಳಿಯದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನು ಕಂಡು ಮಾತಾಡಿಸಿ, 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಹಳ್ಳಿಯ ಜನ ರೋಗದ ಅರಿವಿಲ್ಲದೆ ಸುಮ್ಮನಿರುತ್ತಾರೆಂದು ಅದುವರೆಗೆ ಹಲವರ ನಂಬಿಕೆ. ಆದರೆ ಕಂಡದ್ದೇ ಬೇರೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ದವಾಖಾನೆಗಳಿಗೆ ಹೋಗಿ ಬಂದಿದ್ದರು. ಅಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ! ಜನ ಬಾಗಿಲು ತಟ್ಟಿದ್ದರು; ಅವರ ಕಫವನ್ನು ಯಾರೂ ನೋಡಿರಲಿಲ್ಲ. ಬಾಗಿಲಿಗೆ ಬಂದ ಕೆಮ್ಮಿನವನ ಕಫವನ್ನು ಹತ್ತಿರದ ಸಾಧಾರಣ ದವಾಖಾನೆಯಲ್ಲಿಯೇ ಪರೀಕ್ಷಿಸಬೇಕೆಂಬ ಕ್ರಮ ದೇಶದಲ್ಲಿ ಬೇರೂರುವುದಕ್ಕೆ ಬೆಂಗಳೂರಿನ ಈ ಕೆಲಸ ಆಧಾರವಾಯಿತು.

ಖೋಲಿಯ ಚಿಂತೆಗೆ ಉತ್ತರ ಮದರಾಸಿನಿಂದ ಬಂತು. 1956ರಲ್ಲಿ ಅಲ್ಲಿ ಆರಂಭವಾದ ಕೇಂದ್ರದಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಿಟೋರಿಯಮ್ಮಿನಲ್ಲಿ ಒಳ್ಳೆಯ ಊಟ, ಪೂರ್ಣ ವಿಶ್ರಾಂತಿಯೊಡನೆ ಇಟ್ಟರು; ಇನ್ನೊಂದಕ್ಕೆ ಅವರ ಕಿಕ್ಕಿರಿದ ಮನೆಯಲ್ಲಿಯೇ ಅದೇ ಮದ್ದು ಕೊಟ್ಟರು. 1959ರಲ್ಲಿ ಪ್ರಕಟವಾದ ಫಲ ಲೋಕವನ್ನೇ ಬೆರಗುಗೊಳಿಸಿತು. ಮನೆಯಲ್ಲಿ ಮದ್ದು ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೂ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಜೊತೆಯವರಿಗೆ ಹೆಚ್ಚಿನ ಅಪಾಯವಿರುವುದು ರೋಗ ಪತ್ತೆಯಾಗದೆ ಕೆಮ್ಮುತ್ತಿರುವ ದಿನಗಳಲ್ಲಿ. ತಕ್ಕ ಮದ್ದು ಶುರುವಾದ ಮೇಲೆ ಅದು ಬೇಗನೆ ಇಳಿಯುತ್ತದೆ. ಆದ್ದರಿಂದ ಖೋಲಿಯವರಿಗಾಗಿ ರೋಗವನ್ನು ಬಚ್ಚಿಡುವವನು ಖೋಲಿಯವರಿಗೇ ಕೇಡು ಮಾಡುತ್ತಾನೆ.

ಕಫ ಕೊಡುವ ಕ್ರಮ

ಪರೀಕ್ಷೆ ಎಷ್ಟು ಒಳ್ಳೆಯದಿದ್ದರೂ ಕೊಟ್ಟ ಕಫ ಸರಿಯಿಲ್ಲದಿದ್ದರೆ ಫಲವಿಲ್ಲ. ಬೆಳಿಗ್ಗೆ ಎದ್ದೊಡನೆ, ಚಹಾ ತಿಂಡಿಗೆ ಮೊದಲು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ. ಗಾಳಿಯಾಡುವ ಬಯಲಿಗೋ ಗಚ್ಚಿಗೋ ಹೋಗಿ, ಇತರರಿಂದ ದೂರ ನಿಲ್ಲಿ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ, ಬಂದುದನ್ನು ಡಬ್ಬಿಯೊಳಗೇ ಹಾಕಿ. ಒಂದು ಚಿಕ್ಕ ಚಮಚೆಯಷ್ಟಾದರೂ ಇರಲಿ. ಗಟ್ಟಿಯಾಗಿ, ಲೋಳೆಯಾಗಿದ್ದರೆ ಅದು ಕಫ. ನೀರಿನಂತೆ ನೊರೆಯಾಗಿದ್ದರೆ ಉಗುಳು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅಂದೇ ತಲಪಿಸಿ. ಎರಡನೆಯ ಸಲ ಕೇಳಿದರೆ ಬೇಸರಿಸಬೇಡಿ. ಹಿಂದೆ ಯಾವ ಮಾತ್ರೆ ನುಂಗಿದ್ದೀರೆಂಬುದನ್ನು ನಾಚದೆ ಹೇಳಿ. ಖಾಲಿ ಪಟ್ಟಿಯನ್ನೇ ತೋರಿಸಿದರೆ ಇನ್ನೂ ಒಳ್ಳೆಯದು.

ಸರ್ಕಾರಿ ದವಾಖಾನೆಗಳಲ್ಲಿ ಕ್ಷಯದ ಪರೀಕ್ಷೆಯೂ ಮದ್ದೂ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಗಿದೆ. ಊರಿಗೆ ಹೋಗಬೇಕಾಗಿ ಬಂದರೆ ಮದ್ದು ನಿಲ್ಲಿಸಬೇಕಾಗಿಲ್ಲ. ಹೊರಡುವ ಮೊದಲು ದವಾಖಾನೆಯಲ್ಲಿ ತಿಳಿಸಿದರೆ ನಿಮ್ಮ ದಾಖಲೆಯನ್ನು ನಿಕ್ಷಯ್ ಎಂಬ ದೇಶವ್ಯಾಪಿ ಪಟ್ಟಿಯ ಮೂಲಕ ಊರಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಮುಂಬಯಿಯಲ್ಲಿ ಶುರುವಾದದ್ದನ್ನು ಕುಂದಾಪುರದಲ್ಲಿಯೋ ಕಲಬುರಗಿಯಲ್ಲಿಯೋ ಮುಂದುವರಿಸಬಹುದು.

ನಮ್ಮ ಗೆಳೆಯರ ಸಂಗತಿ ಹೇಳಿ ಮುಗಿಸುತ್ತೇನೆ. ಅಂದು ಬಹಳ ಹೊತ್ತು ಮಾತಾಡಿದ ಮೇಲೆ ಅವರು ಡಬ್ಬಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೋದರು. ಮರುದಿನ ಕಫ ಕೊಟ್ಟರು. ಕ್ಷಯವೇ ಎಂದು ಗೊತ್ತಾಯಿತು. ಆದರೆ ರಿಫಾಂಪಿಸಿನ್ನಿಗೆ ಬಗ್ಗುವಂಥದು. ಖೋಲಿಯ ಐವರೂ ಪರೀಕ್ಷೆ ಮಾಡಿಸಿಕೊಂಡರು, ಯಾರಿಗೂ ರೋಗವಿರಲಿಲ್ಲ. ಹೋಟೆಲಿನ ಯಜಮಾನರು ವೈದ್ಯರ ಚೀಟಿ ನೋಡಿ ಕೆಲವು ವಾರ ರಜೆ ಕೊಟ್ಟು, ಮತ್ತೆ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದ್ದಾರೆ. ಇದನ್ನು ಬರೆಯುವಾಗ ಅವರಿಗೆ ಐದನೆಯ ತಿಂಗಳ ಮಾತ್ರೆ ನಡೆಯುತ್ತಿದೆ. “ನನ್ನ ಹೆಸರು ಬೇಡ, ಸಂಗತಿಯನ್ನು ಮಾತ್ರ ಬರೆಯಿರಿ. ಇನ್ನೊಬ್ಬರು ನನ್ನ ಹಾಗೆ ಒಂದು ತಿಂಗಳು ಹಾಳುಮಾಡಿಕೊಳ್ಳುವುದು ಬೇಡ” ಎಂದು ಅವರೇ ಹೇಳಿದರು.

ಎರಡು ವಾರ ಮೀರಿದ ಕೆಮ್ಮು ನಿಮಗಿದ್ದರೆ, ಇಲ್ಲವೆ ನಿಮ್ಮ ಪಕ್ಕದಲ್ಲಿ ಮಲಗುವವರಿಗಿದ್ದರೆ, ಔಷಧಿ ಅಂಗಡಿಯನ್ನು ದಾಟಿ ಇನ್ನೂ ನಾಲ್ಕು ಹೆಜ್ಜೆ ದವಾಖಾನೆಯವರೆಗೆ ನಡೆಯಿರಿ. ಮದ್ದಿಗೆ ಮೊದಲು ಪರೀಕ್ಷೆ. ಪರೀಕ್ಷೆಯ ಮೇಲೆ ಪೂರ್ತಿ ಮದ್ದು.